ಎರಡನೆಯ ಗಂಟು

ಕನ್ನಡದಲ್ಲಿ 'ಗಂಟು' ಎಂಬುದು ಬಲು ದುಡಿಯುವ ಶಬ್ದ. ಹಗ್ಗಕ್ಕೆ ಬಿಗಿಯುವುದು ಗಂಟು. ಗಂಡಹೆಂಡಿರನ್ನು ಕೂಡಿಸಿದ್ದು ಬ್ರಹ್ಮಗಂಟು. ಅಜ್ಜಿ ಸೆರಗಿನ ತುದಿಯಲ್ಲಿ ಕೂಡಿಟ್ಟ ನಾಲ್ಕು ಕಾಸೂ ಗಂಟು. ಮುನಿದವರು ಮೋರೆಗೆ ಹಾಕಿಕೊಳ್ಳುವುದೂ ಗಂಟೇ. ಇವೆಲ್ಲವನ್ನೂ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹೆಣ್ಣುಮಕ್ಕಳು ನಾಲ್ಕು ಜನರೆದುರು ಬಾಯಿತುಂಬ ಆಡುತ್ತಾರೆ. ಒಂದನ್ನು ಮಾತ್ರ ದನಿ ತಗ್ಗಿಸಿ ಆಡುತ್ತಾರೆ: ಎದೆಯಲ್ಲಿ ಕೈಗೆ ಹತ್ತುವ ಗಂಟು. ಅದಕ್ಕಿಂತಲೂ ದನಿ ತಗ್ಗಿಸಿ ಆಡುವ, ಎಷ್ಟೋ ವೇಳೆ ಆಡದೆಯೇ ನುಂಗಿಬಿಡುವ ಮಾತು ಇನ್ನೊಂದುಂಟು. ಅದು ಎರಡನೆಯ ಗಂಟಿನ ಮಾತು. ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾಗಿ, ಕಿರಣಚಿಕಿತ್ಸೆಯಾಗಿ, ಉದುರಿದ ಕೂದಲು ಮತ್ತೆ ಬೆಳೆದು, ಹೆಂಗಸು ಮರಳಿ ಹೊಲಮನೆಯ ಕೆಲಸಕ್ಕೆ ಹತ್ತಿದ ಮೇಲೆ, ಒಂದು ದಿನ ಮೈ ತೊಳೆಯುವಾಗ ಹಳೆಯ ಗಾಯದ ಹತ್ತಿರವೋ, ಕಂಕುಳಲ್ಲೋ, ಇನ್ನೊಂದು ಮಗ್ಗುಲಿಗೋ ಬೆರಳಿಗೆ ತಾಗುವ ಗಂಟು ಅದು.

'ಒಮ್ಮೆ ತೆಗೆಸಿದ್ದು ಮತ್ತೆ ಬಂತೆಂದರೆ ಮುಗಿಯಿತು' ಎಂಬ ಮಾತನ್ನು ನಮ್ಮ ಕಡೆ ಓದಿದವರೂ ಆಡುತ್ತಾರೆ, ಓದದವರೂ ಆಡುತ್ತಾರೆ. ಈ ತೀರ್ಪು ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ಕಾಲಕ್ಕೆ ಅದು ನಿಜವಾಗಿತ್ತು, ಇಂದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಉದ್ದೇಶ. ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಶಬ್ದಗಳ ಬೆನ್ನು ಹತ್ತಿ ಹೋಗುವುದು ನಮ್ಮ ವೃತ್ತಿಯವರ ಚಾಳಿ. ಈ ವಿಷಯದಲ್ಲಿ ಆ ಚಾಳಿ ನನ್ನನ್ನು ಮೊದಲು ಸುಶ್ರುತನ ಬಾಗಿಲಿಗೆ ಒಯ್ದಿತು.

ಕ್ಯಾನ್ಸರಿಗೆ ಕನ್ನಡದ ಗ್ರಂಥಕಾರರು 'ಅರ್ಬುದ' ಎಂದೂ 'ಏಡಿಗಂತಿ' ಎಂದೂ ಬರೆದಿದ್ದಾರೆ. ಏಡಿಗಂತಿಯಲ್ಲಿಯ 'ಗಂತಿ' ಸಂಸ್ಕೃತದ 'ಗ್ರಂಥಿ'ಯ ತದ್ಭವ. 'ಏಡಿ' ಗ್ರೀಕರ ಕಲ್ಪನೆಯಿಂದ ಬಂದುದು. ಅರ್ಬುದವಾದರೋ ನಮ್ಮಲ್ಲಿಯೇ ಹಳೆಯದು. ಒಂದು ದೊಡ್ಡ ಸಂಖ್ಯೆಗೂ ಅದೇ ಹೆಸರು, ರಾಜಸ್ಥಾನದ ಅಬು ಪರ್ವತಕ್ಕೂ ಅದೇ ಹೆಸರು. ಸುಶ್ರುತಸಂಹಿತೆಯ ನಿದಾನಸ್ಥಾನದ ೧೧ನೆಯ ಅಧ್ಯಾಯದಲ್ಲಿ ಅದು ದೇಹದಲ್ಲಿ ಏಳುವ ಒಂದು ಬಗೆಯ ಗಂಟು: ದುಂಡಗಿನದು, ಅಲುಗದೆ ಕೂತದ್ದು, ನೋವು ಅಲ್ಪ, ಬೇರು ಆಳ, ಬೆಳವಣಿಗೆ ನಿಧಾನ, ಕೀವಾಗಿ ಹಣ್ಣಾಗುವುದಿಲ್ಲ. ಇದನ್ನು ಓದಿದೊಡನೆ ಇದೇ ಇಂದಿನ ಕ್ಯಾನ್ಸರೆಂದು ಕುಣಿದಾಡುವುದು ಪಂಡಿತರ ಆತುರವಾದೀತು. ಸುಶ್ರುತನ ಅರ್ಬುದದಲ್ಲಿ ನಿರುಪದ್ರವಿಯಾದ ಗಡ್ಡೆಗಳೂ ಸೇರಿವೆ. ಆದರೆ ಆ ಅಧ್ಯಾಯದಲ್ಲಿ ಎರಡು ಪಾರಿಭಾಷಿಕ ಶಬ್ದಗಳಿವೆ. ನಮ್ಮ ವಿಷಯ ಇರುವುದೇ ಅವುಗಳಲ್ಲಿ. ಮೊದಲು ಹುಟ್ಟಿದ ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅದು 'ಅಧ್ಯರ್ಬುದ'. ಎರಡು ಒಟ್ಟಿಗೆ ಹುಟ್ಟಿದರೆ, ಇಲ್ಲವೆ ಒಂದಾದ ಮೇಲೊಂದು ಹುಟ್ಟಿದರೆ 'ದ್ವಿರರ್ಬುದ'. ಎರಡನೆಯ ಗಂಟಿಗೆ ಪ್ರತ್ಯೇಕ ಹೆಸರನ್ನು ಇಟ್ಟಿದ್ದಾರೆಂದರೆ ಅದನ್ನು ಕಣ್ಣಾರೆ ಕಂಡವರು, ಅದು ಬೇರೆಯ ಸಂಗತಿಯೆಂದು ತಿಳಿದವರು ಆ ಕಾಲದಲ್ಲಿ ಇದ್ದರೆಂದೇ ಅರ್ಥ. ಹೆಸರಿಟ್ಟ ಬೆನ್ನಿಗೇ ತೀರ್ಪೂ ಬರುತ್ತದೆ: ಅಸಾಧ್ಯ.

ಅಸಾಧ್ಯವೆಂಬುದು ಆಯುರ್ವೇದದಲ್ಲಿ ಬೈಗುಳವಲ್ಲ, ಶಾಪವೂ ಅಲ್ಲ. ರೋಗಗಳನ್ನು ಸಾಧ್ಯ, ಕಷ್ಟಸಾಧ್ಯ, ಅಸಾಧ್ಯವೆಂದು ವಿಂಗಡಿಸುವುದು ಪ್ರಾಚೀನ ವೈದ್ಯನ ಕರ್ತವ್ಯವಾಗಿತ್ತು. ಕೈಯಲ್ಲಿರುವ ಉಪಾಯಗಳಿಂದ ಗುಣವಾಗದೆಂಬುದಷ್ಟೇ ಅದರ ತಾತ್ಪರ್ಯ. ಅದೇ ಸುಶ್ರುತ ಚಿಕಿತ್ಸಾಸ್ಥಾನದ ೧೮ನೆಯ ಅಧ್ಯಾಯದಲ್ಲಿ, ಅರ್ಬುದವನ್ನು ತೆಗೆಯುವಾಗ ಲವಲೇಶವನ್ನೂ ಉಳಿಸಬಾರದು, ಉಳಿಸಿದರೆ ಬೇಗನೆ ಮತ್ತೆ ಏಳುತ್ತದೆ, ಉಳಿದ ಬೆಂಕಿಯ ಹಾಗೆ ಕೊಲ್ಲುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಒಬ್ಬ ಶಸ್ತ್ರವೈದ್ಯ, ಸುಶ್ರುತನ ಗಾಳಿಯೂ ಸೋಕದೆ, ಇದೇ ಮಾತಿನ ಮೇಲೆ ತನ್ನ ಜೀವಮಾನವನ್ನೇ ಕಟ್ಟಿದನು. ಅವನ ಕಡೆಗೆ ಬರುವ ಮುನ್ನ ಪಶ್ಚಿಮದ ಹಳೆಯ ಸಾಕ್ಷ್ಯಗಳನ್ನು ಒಂದಿಷ್ಟು ಕೇಳೋಣ.

ಎಡ್ವಿನ್ ಸ್ಮಿತ್ ಎಂಬಾತ ೧೮೬೨ರಲ್ಲಿ ಈಜಿಪ್ಟಿನ ಲಕ್ಸರಿನಲ್ಲಿ ಕೊಂಡ ಒಂದು ಪಪೈರಸ್ ಸುರುಳಿ ಕ್ರಿ. ಪೂ. ಸುಮಾರು ೧೬೦೦ರದು. ಅದರ ೪೫ನೆಯ ಪ್ರಕರಣ ಎದೆಯ ಮೇಲೆ ಉಬ್ಬಿದ, ಮುಟ್ಟಿದರೆ ತಣ್ಣಗಿರುವ ಗಂಟುಗಳ ವರ್ಣನೆ. ಉಳಿದ ಪ್ರಕರಣಗಳಲ್ಲಿ ಚಿಕಿತ್ಸೆಯನ್ನು ವಿವರಿಸುವ ಲಿಪಿಕಾರ ಇಲ್ಲಿ ಚಿಕಿತ್ಸೆಯಿಲ್ಲವೆಂದು ಬರೆದು ಮುಂದೆ ಸಾಗುತ್ತಾನೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಕ್ರಿ. ಪೂ. ಐದನೆಯ ಶತಮಾನದಲ್ಲಿ ಪರ್ಶಿಯದ ಸಾಮ್ರಾಟ ದಾರಿಯಸನ ಪಟ್ಟದರಸಿ ಅತೋಸ್ಸಾಳ ಸಂಗತಿಯನ್ನು ಬರೆದಿದ್ದಾನೆ. ಆಕೆಯ ಸ್ತನದಲ್ಲಿ ಒಂದು ಗಂಟು ಎದ್ದಿತು. ಚಿಕ್ಕದಿರುವಾಗ ಆಕೆ ನಾಚಿಕೆಯಿಂದ ಅದನ್ನು ಯಾರಿಗೂ ಹೇಳಲಿಲ್ಲ, ಅದು ಒಡೆದು ಹರಡಿದ ಮೇಲೆ ಸೆರೆಯಾಳಾಗಿ ಬಂದಿದ್ದ ಡೆಮೊಸಿಡಿಸನೆಂಬ ಗ್ರೀಕ್ ವೈದ್ಯನನ್ನು ಕರೆಸಿದಳು, ಅವನು ಗುಣಪಡಿಸಿದನು. ಅದು ಕ್ಯಾನ್ಸರೋ ಬರಿಯ ಕುರುವೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ನನಗೆ ಆ ಚರ್ಚೆಗಿಂತ ನಾಚಿಕೆಯ ಮಾತು ದೊಡ್ಡದಾಗಿ ಕಾಣುತ್ತದೆ. ಕರೆದರೆ ಕರೆದಲ್ಲಿಗೆ ವೈದ್ಯರು ಓಡಿಬರುತ್ತಿದ್ದ ಸಾಮ್ರಾಜ್ಞಿಯೇ ಮುಚ್ಚಿಟ್ಟುಕೊಂಡಳೆಂದ ಮೇಲೆ, ಕುಡಿಯುವ ನೀರಿಗೂ ಸರದಿ ಹಚ್ಚಿ, ಕಬ್ಬಿನ ಗದ್ದೆಗೆ ಕಸ ತೆಗೆಯಲು ಹೋಗಿ ಬಂದು ಅಡಿಗೆಗೆ ನಿಲ್ಲುವ ನಮ್ಮ ಹೆಣ್ಣುಮಗಳು ಮುಚ್ಚಿಟ್ಟರೆ ಆಕೆಯನ್ನು ದಡ್ಡಿ ಎನ್ನುವ ಅಧಿಕಾರ ಯಾರಿಗಿದೆ?

ಕ್ರಿ. ಶ. ಎರಡನೆಯ ಶತಮಾನದ ಗ್ಯಾಲೆನ್ ಗಂಟಿನ ಸುತ್ತ ಉಬ್ಬಿದ ರಕ್ತನಾಳಗಳನ್ನು ಏಡಿಯ ಕಾಲುಗಳಿಗೆ ಹೋಲಿಸಿದನು. ದೇಹದಲ್ಲಿಯ ಕಪ್ಪುಪಿತ್ತ ಹೆಚ್ಚಿ ಒಂದೆಡೆ ನಿಂತುದೇ ಈ ರೋಗವೆಂದನು. ನಮ್ಮ ತ್ರಿದೋಷಗಳನ್ನು ಬಲ್ಲವರಿಗೆ ಈ ವಾದ ಹೊಸದಲ್ಲ. ರೋಗ ಇಡೀ ದೇಹದ್ದಾದರೆ ಒಂದು ಗಂಟನ್ನು ಕೊಯ್ದು ಏನು ಫಲ? ಅದು ಇನ್ನೊಂದೆಡೆ ಏಳಲೇಬೇಕು. ಹೀಗೆ ಸಾವಿರದೈನೂರು ವರ್ಷ ಯುರೋಪಿನಲ್ಲಿ ಎರಡನೆಯ ಗಂಟು ಬರುವುದೇ ಸಹಜ, ಬಾರದಿದ್ದರೆ ಆಶ್ಚರ್ಯ ಎಂಬ ಭಾವನೆ ಉಳಿಯಿತು. ೧೭೫೭ರ ಸುಮಾರಿಗೆ ಫ್ರಾನ್ಸಿನ ಲ ದ್ರಾನ್ ಎಂಬ ಶಸ್ತ್ರವೈದ್ಯ ಇದಕ್ಕೆ ವಿರುದ್ಧವಾಗಿ, ರೋಗ ಒಂದು ಸ್ಥಳದಲ್ಲಿ ಹುಟ್ಟಿ ಅಲ್ಲಿಂದ ಕಂಕುಳಿನ ಗ್ರಂಥಿಗಳಿಗೆ ಹರಡುತ್ತದೆ, ಆದ್ದರಿಂದ ಬೇಗ ಕೊಯ್ದರೆ ಬೇಗ ಪಾರಾಗಬಹುದೆಂದು ವಾದಿಸಿದನು. ಈ ಎರಡು ಪಕ್ಷಗಳ ಜಗಳ ಸ್ತನದ ಕ್ಯಾನ್ಸರಿನ ಚರಿತ್ರೆಯ ಬೆನ್ನೆಲುಬು. ಅದು ತೀರಲು ಮತ್ತೆ ಇನ್ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಕೊಯ್ಯುವುದೆಂದರೆ ಆ ಕಾಲದಲ್ಲಿ ಏನಾಗಿತ್ತೆಂಬುದಕ್ಕೆ ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಪತ್ರವೇ ಸಾಕ್ಷಿ. ೧೮೧೧ರ ಸೆಪ್ಟೆಂಬರ್ ೩೦ರಂದು ಪ್ಯಾರಿಸ್ಸಿನ ತನ್ನ ಮನೆಯಲ್ಲಿ, ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯ ಲಾರೆಯ ಕೈಯಿಂದ, ಎಚ್ಚರ ತಪ್ಪಿಸುವ ಯಾವ ಮದ್ದೂ ಇಲ್ಲದೆ ಆಕೆ ಶಸ್ತ್ರಕ್ರಿಯೆ ಮಾಡಿಸಿಕೊಂಡಳು. ತಂಗಿ-ಅಕ್ಕಂದಿರ ಸಲುಗೆಯಲ್ಲಿ ಅಕ್ಕ ಎಸ್ತರಳಿಗೆ ಅದನ್ನು ಬರೆದು ಮುಗಿಸಲು ಆಕೆಗೆ ತಿಂಗಳುಗಳೇ ಹಿಡಿದುವು. ಆಕೆ ತೀರಿಕೊಂಡದ್ದು ೧೮೪೦ರಲ್ಲಿ, ೮೭ ವರ್ಷದವಳಾಗಿ. ಅಂದರೆ ೨೮ ವರ್ಷ ಬದುಕಿದಳು. ಅದು ನಿಜವಾಗಿ ಕ್ಯಾನ್ಸರಾಗಿತ್ತೆ ಎಂದು ಈಗಿನವರು ಸಂಶಯಪಡುವುದುಂಟು; ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ ಈ ಸಂಶಯ ಎಂದಿಗೂ ತೀರುವಂಥದಲ್ಲ. ಅದಕ್ಕೂ ಏಳು ವರ್ಷ ಮೊದಲೇ, ೧೮೦೪ರಲ್ಲಿ, ಜಪಾನಿನ ಹನಓಕಾ ಸೈಶು ಎಂಬ ವೈದ್ಯ ದತ್ತೂರಿ ಮೊದಲಾದ ಗಿಡಮೂಲಿಕೆಗಳ ಕಷಾಯದಿಂದ ರೋಗಿಗೆ ಎಚ್ಚರ ತಪ್ಪಿಸಿ ಸ್ತನದ ಗಂಟನ್ನು ತೆಗೆದಿದ್ದನು. ಆ ಸುದ್ದಿ ಜಪಾನಿನ ಹೊರಗೆ ಬಾರದೇ ಹೋದದ್ದು ಯುರೋಪಿನ ಹೆಂಗಸರ ದುರ್ದೈವ.

ಈಗ ಆ ಅಮೆರಿಕದ ಶಸ್ತ್ರವೈದ್ಯನ ಸರದಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ೧೮೯೪ರಲ್ಲಿ ೫೦ ರೋಗಿಗಳ ವರದಿಯನ್ನು ಪ್ರಕಟಿಸಿದನು. ಸ್ತನ, ಅದರ ಕೆಳಗಿನ ಮಾಂಸಖಂಡ, ಕಂಕುಳಿನ ಗ್ರಂಥಿ, ಎಲ್ಲವನ್ನೂ ಒಂದೇ ತುಂಡಾಗಿ ತೆಗೆದುಬಿಡುವುದು ಅವನ ಪದ್ಧತಿ. ಅಲ್ಲಿಯವರೆಗೆ ಯುರೋಪಿನ ಹೆಸರಾಂತ ಶಸ್ತ್ರವೈದ್ಯರಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರಿಗೆ ಅದೇ ಗಾಯದ ಸ್ಥಳದಲ್ಲಿ ಗಂಟು ಮತ್ತೆ ಏಳುತ್ತಿತ್ತು. ಹಾಲ್‌ಸ್ಟೆಡ್ಡನ ೫೦ರಲ್ಲಿ ಅದು ಎದ್ದದ್ದು ಮೂವರಿಗೆ. ಸುಶ್ರುತನ 'ಶೇಷ ಉಳಿಸಬೇಡ' ಎಂಬ ಸೂತ್ರಕ್ಕೆ ಇದಕ್ಕಿಂತ ದೊಡ್ಡ ಜಯ ಯಾವುದು? ಮುಂದಿನ ಎಪ್ಪತ್ತೈದು ವರ್ಷ ಜಗತ್ತಿನ ಶಸ್ತ್ರವೈದ್ಯರೆಲ್ಲ ಹಾಲ್‌ಸ್ಟೆಡ್ಡನ ದಾರಿಯಲ್ಲೇ ನಡೆದರು. ಹೆಂಗಸರ ತೋಳು ಬಾತು, ಎದೆ ಬತ್ತಿ, ಕೈ ಮೇಲೆತ್ತಲು ಬಾರದಾಗುತ್ತಿತ್ತು. ಗಾಯದ ಸ್ಥಳ ಶುದ್ಧವಾಗಿಯೇ ಉಳಿಯುತ್ತಿತ್ತು. ಆದರೆ ಎಷ್ಟೋ ಮಂದಿಗೆ ರೋಗ ಎಲುಬಿನಲ್ಲಿ, ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಕೊಯ್ದ ಕೈ ಎಷ್ಟು ಚತುರವಾದರೂ, ಕೊಯ್ಯುವ ಮುಂಚೆಯೇ ಹೊರಟುಹೋದುದನ್ನು ಅದು ಹಿಡಿಯಲಾರದಷ್ಟೆ.

ಈ ಹೊರಟುಹೋಗುವ ಸಂಗತಿಯನ್ನು ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ೧೮೮೯ರಲ್ಲೇ ವಿವರಿಸಿದ್ದನು. ಸ್ತನದ ಕ್ಯಾನ್ಸರಿನಿಂದ ಸತ್ತ ೭೩೫ ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಕೂಡಿಸಿ ನೋಡಿದಾಗ, ರೋಗ ಎಲ್ಲ ಅವಯವಗಳಿಗೂ ಒಂದೇ ಸಮನಾಗಿ ಹರಡುವುದಿಲ್ಲವೆಂಬುದು ಅವನಿಗೆ ಕಂಡಿತು. ಯಕೃತ್ತಿನಲ್ಲಿ ಬಹಳ, ಗುಲ್ಮದಲ್ಲಿ ವಿರಳ. ಬೀಜ ಎಲ್ಲ ಕಡೆ ಹಾರಿದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆಂಬ ಉಪಮೆಯನ್ನು ಅವನು ಕೊಟ್ಟನು. ಲಂಡನ್ನಿನ ಓದುಗರಿಗೆ ಇದು ಹೊಸದೆನಿಸಿರಬಹುದು. ಎರೆಹೊಲದಲ್ಲಿ ಹುಲುಸಾದ ಕಡಲೆ ಪಕ್ಕದ ಮಸಾರಿಯಲ್ಲಿ ಬಡವಾಗುವುದನ್ನು ವರ್ಷವರ್ಷ ಕಾಣುವ ಮೂಡಲಗಿಯ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದ್ದ ಬೀಜ ಮಳೆ ಬರುವತನಕ ಸುಮ್ಮನಿರುವುದೂ ಅವನಿಗೆ ಗೊತ್ತು. ಶಸ್ತ್ರಕ್ರಿಯೆಯಾದ ಹತ್ತು ಹನ್ನೆರಡು ವರ್ಷದ ಮೇಲೆ ಕೆಲವರಲ್ಲಿ ರೋಗ ಮತ್ತೆ ತಲೆ ಎತ್ತುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉಪಮೆ ನನಗೆ ಸಿಕ್ಕಿಲ್ಲ.

ಇಷ್ಟಾದರೂ ಎರಡನೆಯ ಗಂಟು ಬಂದ ಹೆಂಗಸಿಗೆ ಯಾರೂ ಏನನ್ನೂ ಮಾಡಿರಲಿಲ್ಲ. 'ಅಸಾಧ್ಯ' ಎಂಬ ಆ ಹಳೆಯ ತೀರ್ಪಿಗೆ ಮೊದಲ ಬಿರುಕು ಬಿಟ್ಟದ್ದು ಸ್ಕಾಟ್ಲಂಡಿನ ಗ್ಲಾಸ್ಗೋ ನಗರದಲ್ಲಿ, ೧೮೯೫ರ ಜೂನ್ ೧೫ರಂದು. ಜಾರ್ಜ್ ಬೀಟ್ಸನ್ ಎಂಬ ವೈದ್ಯನ ಬಳಿಗೆ ಬಂದ ಹೆಂಗಸಿಗೆ ೩೩ ವರ್ಷ. ಸ್ತನವನ್ನು ಆಗಲೇ ತೆಗೆಯಲಾಗಿತ್ತು; ಗಾಯದ ಸ್ಥಳದಲ್ಲಿ ರೋಗ ಮತ್ತೆ ಎದ್ದು ಎದೆಗೋಡೆಗೆ ಹಬ್ಬಿತ್ತು; ಕೊಯ್ಯಲು ಇನ್ನೇನೂ ಉಳಿದಿರಲಿಲ್ಲ. ಬೀಟ್ಸನ್ ತರುಣನಾಗಿದ್ದಾಗ ಹಾಲು ಹೇಗೆ ಉತ್ಪನ್ನವಾಗುತ್ತದೆಂಬುದನ್ನು ಅಭ್ಯಾಸ ಮಾಡಿದ್ದನು. ಕೆಲವು ದೇಶಗಳ ರೈತರು ಆಕಳು ಈದ ಮೇಲೆ ಅದರ ಅಂಡಾಶಯಗಳನ್ನು ತೆಗೆಸಿ, ಬಹುಕಾಲ ಹಾಲು ಕರೆಯುತ್ತಾರೆಂಬ ಸಂಗತಿ ಅವನಿಗೆ ತಿಳಿದಿತ್ತು. ಅಂಡಾಶಯಕ್ಕೂ ಕೆಚ್ಚಲಿಗೂ ನರಗಳ ಸಂಬಂಧವಿಲ್ಲದೆಯೇ ಯಾವುದೋ ಒಂದು ಬಾಂಧವ್ಯ ಇರಬೇಕೆಂದು ಅವನು ತರ್ಕಿಸಿದನು. ಹಾರ್ಮೋನು ಎಂಬ ಶಬ್ದವೇ ಇನ್ನೂ ಹುಟ್ಟಿರಲಿಲ್ಲ. ಆ ಹೆಂಗಸಿನ ಒಪ್ಪಿಗೆ ಪಡೆದು ಅಂಡಾಶಯಗಳನ್ನು ತೆಗೆದನು. ತಿಂಗಳುಗಳೊಳಗಾಗಿ ಎದೆಯ ಮೇಲಿನ ಗಂಟುಗಳು ಕರಗಿಹೋದುವು. ಆಕೆ ಆಮೇಲೆ ಸುಮಾರು ನಾಲ್ಕು ವರ್ಷ ಬದುಕಿದಳು. ಬೀಟ್ಸನ್ ೧೮೯೬ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದನು. ಎಲ್ಲರಿಗೂ ಇದು ಫಲಿಸಲಿಲ್ಲ ಎಂಬುದು ನಿಜ. ಕೆಲವರಿಗೆ ಮಾತ್ರ ಏಕೆ ಫಲಿಸುತ್ತದೆಂಬ ಪ್ರಶ್ನೆಗೆ ೧೯೫೦ರ ದಶಕದ ಕೊನೆಯಿಂದ ಶಿಕಾಗೋದ ಎಲ್ವುಡ್ ಜೆನ್ಸನ್ ನಡೆಸಿದ ಸಂಶೋಧನೆ ಉತ್ತರ ಕೊಟ್ಟಿತು: ಕೆಲವು ಗಂಟುಗಳ ಜೀವಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಿಗಳಿವೆ, ಕೆಲವುಗಳಲ್ಲಿ ಇಲ್ಲ. ಇಂದು ಗೋಕಾಕದ ಔಷಧದ ಅಂಗಡಿಯಲ್ಲಿಯೂ ದೊರೆಯುವ ಟ್ಯಾಮಾಕ್ಸಿಫೆನ್ ಗುಳಿಗೆ ಆ ಆಕಳಿನ ಸಂಗತಿಯ ಮೊಮ್ಮಗು. ೧೯೬೨ರಲ್ಲಿ ಇಂಗ್ಲಂಡಿನ ಪ್ರಯೋಗಶಾಲೆಯಲ್ಲಿ ಅದು ತಯಾರಾಯಿತು. ಮ್ಯಾಂಚೆಸ್ಟರಿನಲ್ಲಿ ಮೊದಲ ಬಾರಿ ಮುಂದುವರಿದ ಸ್ತನದ ಕ್ಯಾನ್ಸರಿನವರಿಗೆ ಕೊಟ್ಟು ನೋಡಿದ ವರದಿ ಬಂದದ್ದು ೧೯೭೧ರಲ್ಲಿ.

ಹಾಲ್‌ಸ್ಟೆಡ್ಡನ ಪಕ್ಷಕ್ಕೂ ಅದೇ ದಶಕದಲ್ಲಿ ಪರೀಕ್ಷೆ ಒದಗಿತು. ಇಟಲಿಯ ಮಿಲಾನ್ ನಗರದಲ್ಲಿ ಉಂಬರ್ಟೊ ವೆರೊನೆಸಿ ೧೯೭೩ರಿಂದ ೧೯೮೦ರವರೆಗೆ ೭೦೧ ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದನು. ಒಂದಕ್ಕೆ ಪೂರ್ಣ ಶಸ್ತ್ರಕ್ರಿಯೆ. ಇನ್ನೊಂದಕ್ಕೆ ಗಂಟಿರುವ ಭಾಗವನ್ನಷ್ಟೆ ತೆಗೆದು ಕಿರಣಚಿಕಿತ್ಸೆ. ಅಮೆರಿಕದ ಬರ್ನಾರ್ಡ್ ಫಿಶರ್ ೧,೮೫೧ ಹೆಂಗಸರಲ್ಲಿ ಇಂಥದೇ ಪರೀಕ್ಷೆ ನಡೆಸಿದನು. ಇಪ್ಪತ್ತು ವರ್ಷ ಕಾದು ೨೦೦೨ರಲ್ಲಿ ಇಬ್ಬರೂ ತಮ್ಮ ಫಲಿತಾಂಶ ಪ್ರಕಟಿಸಿದರು. ಸ್ತನವನ್ನು ಉಳಿಸಿಕೊಂಡವರೂ ತೆಗೆಸಿಕೊಂಡವರೂ ಒಂದೇ ಪ್ರಮಾಣದಲ್ಲಿ ಬದುಕಿ ಉಳಿದಿದ್ದರು. ಎರಡನೆಯ ಗಂಟಿನ ಲೆಕ್ಕ ಮಾತ್ರ ಬೇರೆ. ಫಿಶರನ ಪರೀಕ್ಷೆಯಲ್ಲಿ ಗಂಟನ್ನಷ್ಟೆ ತೆಗೆದು ಕಿರಣ ಕೊಡದೆ ಬಿಟ್ಟವರಲ್ಲಿ ನೂರಕ್ಕೆ ೩೯ ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತ್ತು. ಕಿರಣ ಕೊಟ್ಟವರಲ್ಲಿ ನೂರಕ್ಕೆ ೧೪ ಮಂದಿಗೆ. ವೆರೊನೆಸಿಯ ಪೂರ್ಣ ಶಸ್ತ್ರಕ್ರಿಯೆಯ ಪಂಗಡದಲ್ಲಿಯೂ ೩೪೯ರಲ್ಲಿ ೮ ಮಂದಿಗೆ ಗಾಯದ ಸ್ಥಳದಲ್ಲಿ ಗಂಟು ಎದ್ದಿತ್ತು. 'ಎಲ್ಲಾ ತೆಗೆಸಿಬಿಟ್ಟೇವಲ್ಲ, ಮತ್ತೆ ಹೇಗೆ ಬಂತು?' ಎಂದು ಕೇಳುವ ಮನೆಯವರು ಈ ಎಂಟನ್ನು ನೆನೆಯಬೇಕು. ಅಲ್ಲಿ ಯಾರ ಪಾಪವೂ ಇಲ್ಲ, ಪಥ್ಯ ಮುರಿದ ದೋಷವೂ ಇಲ್ಲ. ಇನ್ನೊಂದನ್ನೂ ಈ ಅಂಕಿಗಳಿಂದ ತಿಳಿಯಬೇಕು. ಅದೇ ಸ್ತನದಲ್ಲಿ ಗಂಟು ಮರಳುವುದೂ, ರೋಗ ದೂರದ ಅವಯವಕ್ಕೆ ಹರಡುವುದೂ ಒಂದೇ ಅಲ್ಲ. ಹಾಗೆ ಮರಳಿದ್ದನ್ನು ಮತ್ತೆ ಶಸ್ತ್ರಕ್ರಿಯೆಯಿಂದ ತೆಗೆದು, ಗುಣವಾಗಲೆಂದೇ ಚಿಕಿತ್ಸೆ ಮಾಡುತ್ತಾರೆ. ಸುಶ್ರುತನ ಕಾಲದ 'ಅಸಾಧ್ಯ' ಅಲ್ಲಿ ಸಾಧ್ಯದ ಕಡೆಗೆ, ಬಹಳವೆಂದರೆ ಕಷ್ಟಸಾಧ್ಯದ ಕಡೆಗೆ ಸರಿದಿದೆ.

ಇಲ್ಲಿಯವರೆಗೆ ಎರಡನೆಯ ಗಂಟೆಂದರೆ ಕ್ಯಾನ್ಸರೇ ಎಂದು ಹಿಡಿದು ಮಾತಾಡಿದೆವು. ಹಿಂದಿನವರು ಹಾಗೆಯೇ ಹಿಡಿದಿದ್ದರು. ಅದು ಹಾಗಲ್ಲವೆಂದು ತಿಳಿಸಿದ ಒಂದು ಲೇಖನ ೧೯೨೦ರಲ್ಲಿ ಅಮೆರಿಕದ ಶಸ್ತ್ರವೈದ್ಯಪತ್ರಿಕೆಯೊಂದರಲ್ಲಿ ಬಂತು. ಬರೆದವರು ಬರ್ಟನ್ ಲೀ ಮತ್ತು ಫ್ರಾಂಕ್ ಅಡೇರ್. ಸ್ತನದೊಳಗಿನ ಕೊಬ್ಬು ಪೆಟ್ಟಿನಿಂದ ಸತ್ತು ಗಟ್ಟಿಯಾದರೆ, ಅದು ಕೈಗೂ ಕಣ್ಣಿಗೂ ಥೇಟು ಕ್ಯಾನ್ಸರಿನಂತೆಯೇ ತೋರುತ್ತದೆಂಬುದು ಅವರ ವಿಷಯ. ಶಸ್ತ್ರಕ್ರಿಯೆಯೂ ಒಂದು ಪೆಟ್ಟೇ. ಕಿರಣಚಿಕಿತ್ಸೆಯೂ ಕೊಬ್ಬನ್ನು ಒಣಗಿಸುತ್ತದೆ. ಆದ್ದರಿಂದ ಚಿಕಿತ್ಸೆಯಾದ ಎದೆಯಲ್ಲಿ ಇಂಥ ಸತ್ತ ಕೊಬ್ಬಿನ ಗಂಟು ತಿಂಗಳುಗಳ ಮೇಲೋ ವರ್ಷಗಳ ಮೇಲೋ ಕಾಣಿಸಿಕೊಳ್ಳುವುದು ಅಪರೂಪವೇನ�ಲ್ಲ. ಹೊಲಿಗೆಯ ದಾರದ ಸುತ್ತ ಬೆಳೆದ ಗಡ್ಡೆ, ಒಳಗೆ ನಿಂತ ನೀರು, ಗಾಯದ ಗಟ್ಟಿಮಾಂಸ, ಇವೂ ಬೆರಳಿಗೆ ಗಂಟಾಗಿಯೇ ತಾಗುತ್ತವೆ. ಇವುಗಳಲ್ಲಿ ಯಾವುದು ಯಾವುದೆಂದು ಬೆರಳು ಹೇಳಲಾರದು, ಅದು ಎಷ್ಟೇ ಪಳಗಿದ ವೈದ್ಯನ ಬೆರಳಾಗಲಿ.

ಹೇಳಬಲ್ಲದ್ದು ಸೂಜಿ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲಿಸ್ ೧೯೩೦ರಲ್ಲಿ ಗಂಟಿನೊಳಗೆ ಸೂಜಿ ಚುಚ್ಚಿ, ಬಂದಷ್ಟನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು ಪ್ರಕಟಿಸಿದರು. ಈಗ ಸ್ವಲ್ಪ ದಪ್ಪನೆಯ ಸೂಜಿಯಿಂದ ಮಾಂಸದ ಎಳೆಯೊಂದನ್ನೇ ತೆಗೆಯುತ್ತಾರೆ. ಅದಕ್ಕೂ ಮೊದಲು ಮ್ಯಾಮೊಗ್ರಾಫಿ, ಸೋನೋಗ್ರಾಫಿ ಮಾಡಿ ಸ್ಥಳ ನಿಶ್ಚಯಿಸುತ್ತಾರೆ. 'ಸೂಜಿ ಚುಚ್ಚಿದರೆ ಗಂಟು ಕೆರಳಿ ಹಬ್ಬುತ್ತದೆ' ಎಂಬ ಭಯ ನಮ್ಮಲ್ಲಿ ಬಹಳ. ಸೂಜಿ ಪರೀಕ್ಷೆ ಮಾಡಿಸಿಕೊಂಡದ್ದರಿಂದ ಯಾರ ಆಯುಷ್ಯವೂ ಕುಗ್ಗಿದುದು ಕಂಡುಬಂದಿಲ್ಲ. ಮಾಡಿಸಿಕೊಳ್ಳದೆ ಕುಗ್ಗಿಸಿಕೊಂಡವರು ಇದ್ದಾರೆ.

ಹುಕ್ಕೇರಿಯ ಕಡೆ ನಮ್ಮ ಬಳಗದಲ್ಲಿ ದೂರದ ಒಬ್ಬ ವೈನಿ ಇದ್ದಾರೆ. ಶಸ್ತ್ರಕ್ರಿಯೆಯಾಗಿ ಮೂರನೆಯ ವರ್ಷಕ್ಕೆ ಅವರಿಗೆ ಹಳೆಯ ಗಾಯದ ಅಂಚಿನಲ್ಲಿ ಅಡಿಕೆಯಷ್ಟು ಗಂಟು ಹತ್ತಿತು. ಆರು ವಾರ ಯಾರಿಗೂ ಹೇಳಲಿಲ್ಲ. ಕೊನೆಗೆ ಮಗಳಿಗೆ ಗೊತ್ತಾಗಿ, ಮಗಳು ನನಗೆ ಹೇಳಿ, ನಾನು ಹೋಗಿ ಕೂತೆ. "ಗೊತ್ತಾದ್ರ ಏನ ಬರತೈತಿ ತಮ್ಮಾ? ಬಂದದ್ದ ಅದಽ ಇದ್ರ ಮನಿ ಮಂದಿ ಮತ್ತ ಹೊಲಾ ಒತ್ತಿ ಹಾಕತಾರ. ಇದ್ದಷ್ಟ ದಿನಾ ಸುಮ್ಮ ಇರತೇನಿ" ಎಂದರು. ಈ ಮಾತಿಗೆ ನನ್ನ ಹತ್ತಿರ ವ್ಯಾಕರಣವೂ ಇರಲಿಲ್ಲ, ಅಲಂಕಾರಶಾಸ್ತ್ರವೂ ಇರಲಿಲ್ಲ. "ವೈನಿ, ಅದಽ ಐತಿ ಅಂತ ನಿಮಗ ಯಾರ ಹೇಳ್ಯಾರ?" ಎಂದಷ್ಟೇ ಕೇಳಿದೆ. ಮಗಳು ಕರೆದುಕೊಂಡು ಹೋದಳು. ಸತ್ತ ಕೊಬ್ಬಿನ ಗಂಟು ಎಂದು ವರದಿ ಬಂತು. ಎಲ್ಲರ ವರದಿಯೂ ಹೀಗೆಯೇ ಬರುವುದಿಲ್ಲ. ನನ್ನ ಶಾಲೆಯ ವಿದ್ಯಾರ್ಥಿಯೊಬ್ಬನ ತಾಯಿಗೆ ಬೇರೆ ಬಂತು, ಆಕೆಗೆ ಮತ್ತೆ ಚಿಕಿತ್ಸೆ ನಡೆಯಿತು. ಇಬ್ಬರೂ ವರದಿಗಾಗಿ ಕಾದ ದಿನಗಳು ಒಂದೇ ತೆರನಾಗಿದ್ದುವು.

ಹೊಲ ಒತ್ತಿ ಹಾಕುವ ಮಾತನ್ನು ಹಗುರಾಗಿ ಕಾಣಬಾರದು. ನಮ್ಮ ಸೀಮೆಯ ಜನ ಈ ರೋಗಕ್ಕಾಗಿ ನಡೆದ ದಾರಿಯದೂ ಒಂದು ಇತಿಹಾಸ. ಅಮೆರಿಕದ ಮಿಶನ್ನಿನ ಡಾ. ವಿಲಿಯಂ ವಾನ್‌ಲೆಸ್ ೧೮೯೪ರಲ್ಲಿ ಮಿರಜಿನಲ್ಲಿ ಆಸ್ಪತ್ರೆಯನ್ನು ನಿಲ್ಲಿಸಿದ ಮೇಲೆ, ಗೋಕಾಕ ರೋಡ, ಘಟಪ್ರಭಾ, ಪಾಚ್ಛಾಪುರ ನಿಲ್ದಾಣಗಳಲ್ಲಿ ರೈಲು ಹತ್ತಿ ಮಿರಜಿಗೆ ಹೋಗುವುದು ಮೂರು ನಾಲ್ಕು ತಲೆಮಾರಿನ ರೂಢಿಯಾಯಿತು. 'ಮಿರಜಿಗೆ ಒಯ್ದಾರ' ಎಂದರೆ ರೋಗ ದೊಡ್ಡದೆಂದೇ ಊರಲ್ಲಿ ಅರ್ಥ. ೧೯೪೧ರ ಫೆಬ್ರುವರಿ ೨೮ರಂದು ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಬೆಳಗಾವಿ ಜಿಲ್ಲೆ ೧೯೫೬ರವರೆಗೆ ಮುಂಬಯಿ ಪ್ರಾಂತಕ್ಕೇ ಸೇರಿದ್ದರಿಂದ, ಕೂಡಿಟ್ಟ ಗಂಟು ಇದ್ದವರು ಅಲ್ಲಿಯ ದಾರಿ ಹಿಡಿದರು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಆಸ್ಪತ್ರೆ, ಕಡೆಗೆ ೨೦೨೫ರ ಜನವರಿ ೩ರಂದು ಬೆಳಗಾವಿಯಲ್ಲಿಯೇ ಕೆ. ಎಲ್. ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ, ಹೀಗೆ ದಾರಿ ಗಿಡ್ಡವಾಗುತ್ತ ಬಂದಿದೆ. ಮೊದಲ ಚಿಕಿತ್ಸೆಯ ನಂತರ ವರ್ಷಗಟ್ಟಲೆ ತೋರಿಸಿಕೊಳ್ಳಲು ಹೋಗಬೇಕಾದವರಿಗೆ ದಾರಿ ಗಿಡ್ಡವಾದದ್ದು ಔಷಧದಷ್ಟೇ ಬೆಲೆಯುಳ್ಳದ್ದು. ಮುಂಬಯಿಗೆ ಹೋಗಿ ಬಂದವಳು ಎರಡನೆಯ ವರ್ಷಕ್ಕೆ ತಾರೀಖು ತಪ್ಪಿಸುತ್ತಿದ್ದಳು. ಬೆಳಗಾವಿಗೆ ಹೋಗಿ ಸಂಜೆಯ ಬಸ್ಸಿಗೆ ಹಿಂತಿರುಗಬಹುದು.

ಹಾಗೆ ತೋರಿಸಿಕೊಳ್ಳುವಾಗ ಏನೇನು ಮಾಡಿಸಬೇಕು? ಅಂಜಿದ ಮನಸ್ಸು ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಬೇಡುತ್ತದೆ. ಇಟಲಿಯಲ್ಲಿ ನಡೆದ ಎರಡು ಪರೀಕ್ಷೆಗಳು ೧೯೯೪ರಲ್ಲಿ ಇದಕ್ಕೆ ಉತ್ತರ ಕೊಟ್ಟುವು. ಎರಡೂ ಕೂಡಿ ೨,೫೦೦ಕ್ಕೂ ಮಿಕ್ಕ ಹೆಂಗಸರು. ಅರ್ಧ ಜನರಿಗೆ ಯಾವ ತೊಂದರೆಯಿಲ್ಲದಿದ್ದರೂ ಎಲುಬಿನ ಸ್ಕ್ಯಾನು, ಎದೆಯ ಕ್ಷ-ಕಿರಣ ಮೊದಲಾದುವನ್ನು ಮತ್ತೆ ಮತ್ತೆ ಮಾಡಿದರು. ಉಳಿದವರಿಗೆ ವೈದ್ಯರ ಕೈಪರೀಕ್ಷೆ ಮತ್ತು ಮ್ಯಾಮೊಗ್ರಾಫಿ ಅಷ್ಟೇ. ಬದುಕಿ ಉಳಿದವರ ಪ್ರಮಾಣದಲ್ಲಿ ಭೇದ ಕಾಣಲಿಲ್ಲ. ಆದ್ದರಿಂದ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದೆರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸುವುದು, ವರ್ಷಕ್ಕೊಂದು ಮ್ಯಾಮೊಗ್ರಾಫಿ, ಇದೇ ಈಗಿನ ರೂಢಿ. ಹೊಸದಾಗಿ ಗಂಟು ತಾಗಿದರೆ ಆ ತಾರೀಖಿಗೆ ಕಾಯಬೇಕಾಗಿಲ್ಲ. ಐದು ವರ್ಷ ಕಳೆಯಿತು, ಇನ್ನು ಚಿಂತೆಯಿಲ್ಲವೆಂದು ತೋರಣ ಕಟ್ಟುವುದೂ ಸರಿಯಲ್ಲ. ೬೨,೯೨೩ ಹೆಂಗಸರನ್ನು ಇಪ್ಪತ್ತು ವರ್ಷದವರೆಗೆ ಹಿಂಬಾಲಿಸಿದ ಲೆಕ್ಕ ೨೦೧೭ರಲ್ಲಿ ಪ್ರಕಟವಾಯಿತು. ಈಸ್ಟ್ರೋಜನ್ ಗ್ರಾಹಿಯುಳ್ಳ ರೋಗ ಐದನೆಯ ವರ್ಷದ ಅನಂತರವೂ ಇಪ್ಪತ್ತನೆಯ ವರ್ಷದತನಕ ಒಬ್ಬೊಬ್ಬರಲ್ಲಿ ಮರಳುತ್ತಲೇ ಇತ್ತು. ಸುಮ್ಮನೆ ಬಿದ್ದ ಬೀಜದ ಮಾತನ್ನು ಆಗಲೇ ಆಡಿದ್ದೇವೆ.

ಮರಳಿದ ಮೇಲಿನ ಚಿಕಿತ್ಸೆಯೂ ನಿಂತಲ್ಲಿ ನಿಂತಿಲ್ಲ. ಎದೆ ಅಥವಾ ಕಂಕುಳಿನಲ್ಲಿ ಮಾತ್ರ ಮರಳಿ, ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡ ೧೬೨ ಹೆಂಗಸರಲ್ಲಿ ಅರ್ಧ ಮಂದಿಗೆ ಮತ್ತೆ ಔಷಧದ ಚಿಕಿತ್ಸೆಯನ್ನೂ ಕೊಟ್ಟು ನೋಡಿದ ಫಲ ೨೦೧೪ರಲ್ಲಿ ಬಂತು: ಐದು ವರ್ಷದ ಮೇಲೆ ರೋಗವಿಲ್ಲದೆ ಇದ್ದವರು ಔಷಧ ಪಡೆದವರಲ್ಲಿ ನೂರಕ್ಕೆ ೬೯, ಪಡೆಯದವರಲ್ಲಿ ೫೭. ಗ್ರಾಹಿಗಳಿಲ್ಲದ ರೋಗದವರಿಗೆ ಇದರ ಲಾಭ ಹೆಚ್ಚು. ನಮ್ಮ ದೇಶದ್ದೇ ಒಂದು ಕೆಲಸವನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಟಾಟಾ ಸ್ಮಾರಕ ಆಸ್ಪತ್ರೆಯ ಮುಂದಾಳುತನದಲ್ಲಿ, ಗಂಟನ್ನು ಕೊಯ್ಯುವ ತುಸು ಮೊದಲು ಅದರ ಸುತ್ತ ಹಲ್ಲುವೈದ್ಯರು ಬಳಸುವಂಥ ಮರಗಟ್ಟಿಸುವ ಔಷಧವನ್ನು ಚುಚ್ಚಿ ನೋಡಿದರು. ಕೊಯ್ಯುವ ಹೊತ್ತಿನಲ್ಲಿ ಬೀಜ ಹಾರದಿರಲೆಂಬುದು ಎಣಿಕೆ. ೧,೫೮೩ ಹೆಂಗಸರ ಆ ಪರೀಕ್ಷೆಯಲ್ಲಿ ಐದು ವರ್ಷದ ಮೇಲೆ ರೋಗ ಮರಳದೆ ಇದ್ದವರು ನೂರಕ್ಕೆ ೮೨.೬ರಿಂದ ೮೬.೬ಕ್ಕೆ ಏರಿದರು. ಅತಿ ಅಗ್ಗದ ಔಷಧ. ೨೦೨೩ರಲ್ಲಿ ಪ್ರಕಟವಾದ ವರದಿ.

ಇನ್ನು ಒಂದು ಸಣ್ಣ ಸಂಗತಿ ಉಳಿದಿದೆ; ಸಣ್ಣದಾದರೂ ವೈದ್ಯರು ಮೊದಲು ಕೇಳುವುದು ಅದನ್ನೇ. ಎರಡನೆಯ ಗಂಟನ್ನು ತೋರಿಸಲು ಹೋದಾಗ ಮೊದಲನೆಯದರ ಕಾಗದಗಳು ಬೇಕು. ಶಸ್ತ್ರಕ್ರಿಯೆಯ ವಿವರ, ಗಂಟಿನ ಪರೀಕ್ಷೆಯ ವರದಿ, ಗ್ರಾಹಿಗಳು ಇದ್ದುವೋ ಇಲ್ಲವೋ ಎಂಬ ನಮೂದು, ಕಿರಣ ಎಷ್ಟು ಕೊಟ್ಟರೆಂಬ ಲೆಕ್ಕ. ಕಿರಣ ಒಮ್ಮೆ ಪೂರ್ತಿ ಕೊಟ್ಟ ಜಾಗಕ್ಕೆ ಎರಡನೆಯ ಸಲ ಕೊಡುವುದು ಸುಲಭವಲ್ಲ. ಹೊಸ ಗಂಟು ಹಳೆಯ ರೋಗದ್ದೇ, ಅಥವಾ ಬೇರೆಯಾಗಿ ಹುಟ್ಟಿದ್ದೇ ಎಂಬುದನ್ನು ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಗ್ರಾಹಿಗಳ ಪರೀಕ್ಷೆಯನ್ನೂ ಹೊಸದಾಗಿ ಮಾಡುತ್ತಾರೆ, ಏಕೆಂದರೆ ಮೊದಲು ಇದ್ದುವು ಎರಡನೆಯದರಲ್ಲಿ ಇರದಿರಬಹುದು. ನಮ್ಮ ಮನೆಗಳಲ್ಲಿ ಈ ಕಾಗದಗಳು ಹೊಲದ ಉತಾರ, ರೇಶನ್ ಕಾರ್ಡುಗಳ ಜೊತೆ ಟ್ರಂಕಿನ ತಳದಲ್ಲಿ ಇರುತ್ತವೆ. ಕೆಲವರು ಚಿಕಿತ್ಸೆ ಮುಗಿದೊಡನೆ 'ಈ ಪೀಡೆ ಮತ್ತ ಬ್ಯಾಡ' ಎಂದು ಹಿರಣ್ಯಕೇಶಿಗೆ ಬಿಟ್ಟು ಬಂದದ್ದೂ ಉಂಟು. ಹಾಗೆ ತೇಲಿಹೋಗಿದ್ದರೆ ಮೊದಲ ಚಿಕಿತ್ಸೆಯಾದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಹೆಸರು, ವರ್ಷ, ನೆನಪಿದ್ದರೆ ನೋಂದಣಿಯ ಸಂಖ್ಯೆ ಹೇಳಿ ಪ್ರತಿಯನ್ನು ಕೇಳಬೇಕು. ಅದು ಸಿಗುವುದು ತಡವಾಗುವಂತಿದ್ದರೆ ಕಾಗದಕ್ಕಾಗಿ ಕಾಯದೆ ಗಂಟನ್ನು ಮೊದಲು ತೋರಿಸಬೇಕು; ಕಾಗದವನ್ನು ಮಗನೋ ಅಳಿಯನೋ ಹಿಂದಿನಿಂದ ತಂದು ಕೊಡಬಹುದು.